ನನ್ನ ದೇಶಕ್ಕೊಂದು ಅಜ್ಜಿ ಕತೆ

ನನ್ನ ಅಕೌಂಟೆನ್ಸಿ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಒಂದು ದೇಶ ಇದೆ. ಅದರ ಹೆಸರು ತಾರಾಗಿರಿ. ಪ್ರಥಮ ಪಿಯುಸಿಯ ಮಳೆಗಾಲದಲ್ಲಿ ಅದನ್ನು ಶುರು ಮಾಡಿದೆ. ಏಳು ಗುಡ್ಡ, ಒಂದು ಹೊಳೆ, ಹೊಳೆಗೆ ಎರಡು ಸೇತುವೆ. ರಾಜನಿಲ್ಲ, ರಾಣಿ ಇದ್ದಾಳೆ. ಅಲ್ಲಿಯ ನಾಣ್ಯಕ್ಕೆ ‘ತಾರೆ’ ಎಂದು ಹೆಸರು. ಒಂದು ತಾರೆಗೆ 40 ಕಾಸು. ತೆರಿಗೆ ವಸೂಲಿ ಮಾಡುವ ಅಧಿಕಾರಿ ಕೊಕ್ಕರೆಯಂಥ ದೊಡ್ಡ ಹಕ್ಕಿಯ ಮೇಲೆ ಕುಳಿತು ಊರೂರು ತಿರುಗುತ್ತಾನೆ. ಆ ದೇಶದ ತಾಳೆಪಟ್ಟಿಯನ್ನೂ ನಾನು ತಯಾರಿಸಿದ್ದೆ. ಎರಡೂ ಕಡೆ ಮೊತ್ತ ಸರಿ ಬಂದಿತ್ತು. ಪರೀಕ್ಷೆಯಲ್ಲಿ ನನ್ನ ತಾಳೆಪಟ್ಟಿ ಯಾವತ್ತೂ ಅಷ್ಟು ಸುಲಭವಾಗಿ ತಾಳೆಯಾದದ್ದಿಲ್ಲ ಎಂದು ಗೆಳತಿಯರು ಇವತ್ತಿಗೂ ನಗುತ್ತಾರೆ.

ಒಂದು ದಿನ ಆ ನೋಟ್‌ಬುಕ್ ನಮ್ಮ ಕನ್ನಡ ಉಪನ್ಯಾಸಕರ ಕೈಗೆ ಸಿಕ್ಕಿತು. ಬೈಯುತ್ತಾರೆ ಎಂದುಕೊಂಡೆ. ಅವರು ನಿಧಾನವಾಗಿ ಪುಟ ತಿರುಗಿಸಿ, “ಎಲ್ಲಾ ಇದೆಯಮ್ಮಾ. ಸೈನ್ಯ ಇದೆ, ತೆರಿಗೆ ಇದೆ, ಹಕ್ಕಿ ಸವಾರಿ ಇದೆ. ಆದರೆ ಈ ದೇಶದ ಅಜ್ಜಿಯರು ರಾತ್ರಿ ಮೊಮ್ಮಕ್ಕಳಿಗೆ ಏನು ಕತೆ ಹೇಳ್ತಾರೆ?” ಎಂದು ಕೇಳಿದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಡೀ ದೇಶವೇ ಕಟ್ಟುಕತೆ, ಅದರೊಳಗೆ ಮತ್ತೊಂದು ಕತೆ ಯಾಕೆ ಬೇಕು ಎಂದು ಅನ್ನಿಸಿತು. ಆದರೆ ಆಮೇಲೆ ಯೋಚಿಸಿದಾಗ, ನನಗೆ ಇಷ್ಟವಾದ ಕಲ್ಪನೆಯ ಲೋಕಗಳಲ್ಲೆಲ್ಲ ಅಂಥ ಕತೆ ಇರುವುದು ನೆನಪಾಯಿತು. ಹ್ಯಾರಿ ಪಾಟರ್‌ನ ಕೊನೆಯ ಪುಸ್ತಕ ಬಂದದ್ದು 2007ರಲ್ಲಿ. ಅದರಲ್ಲಿ ಸಾವನ್ನು ಹೊಳೆಯ ಸೇತುವೆಯ ಮೇಲೆ ಭೇಟಿಯಾಗುವ ಮೂರು ಅಣ್ಣತಮ್ಮಂದಿರ ಕತೆ ಬರುತ್ತದೆ. ಅದು ಮಾಟಗಾರರ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಜನಪದ ಕತೆ. ಮಕ್ಕಳ ಕತೆ ಎಂದು ಬಿಟ್ಟಿದ್ದರಲ್ಲೇ ನಿಜದ ಸುಳಿವು ಅಡಗಿರುತ್ತದೆ. ಆ ಲೋಕದ ಇಂಥ ಕತೆಗಳದ್ದೇ ಒಂದು ಚಿಕ್ಕ ಪುಸ್ತಕವನ್ನು ಲೇಖಕಿ ಮರುವರ್ಷ ಹೊರತಂದರು. ನಮ್ಮ ಚಂದ್ರಶೇಖರ ಕಂಬಾರರ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಶಿವಾಪುರ ಕೂಡ ಅವರೇ ಕಟ್ಟಿಕೊಂಡ ಊರು. ಅದು ನಿಂತಿರುವುದೇ ಹಾಡು, ಕತೆ, ದೈವಗಳ ಮೇಲೆ.

ನಮ್ಮ ಮನೆಯಲ್ಲಿ ದಾದಾ ಇದ್ದಾಗ ‘ತಿಲಿಸ್ಮ್-ಎ-ಹೋಶ್‌ರುಬಾ’ದ ತುಣುಕುಗಳನ್ನು ಹೇಳುತ್ತಿದ್ದರು. ತಿಲಿಸ್ಮ್ ಎಂದರೆ ಮಾಟದಿಂದ ಹುಟ್ಟಿಸಿದ ಲೋಕ. ಬಾಯಿಂದ ಬಾಯಿಗೆ ಬಂದ ಅಮೀರ್ ಹಂಜಾನ ಕತೆಗಳಿಂದ ಬೆಳೆದ ಈ ದೊಡ್ಡ ದಾಸ್ತಾನನ್ನು ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ ಸಂಪುಟ ಸಂಪುಟವಾಗಿ ಅಚ್ಚು ಹಾಕಿತು. ಅದರಲ್ಲಿ ಅಮರ್ ಅಯ್ಯಾರ್ ಎಂಬ ಚಾಲಾಕಿ ಮನುಷ್ಯನ ಬಳಿ ಒಂದು ಜೋಳಿಗೆ ಇರುತ್ತದೆ, ಹೆಸರು ಜಂಬೀಲ್. ಎಷ್ಟು ತುಂಬಿದರೂ ಅದು ತುಂಬುವುದಿಲ್ಲ. “ಕತೆ ಅಂದ್ರೂ ಅಷ್ಟೇ, ಒಂದರ ಹೊಟ್ಟೆಯಲ್ಲಿ ಇನ್ನೊಂದು” ಎನ್ನುತ್ತಿದ್ದರು ದಾದಾ.

ಅವರು ಈಗ ಇಲ್ಲ. ಹಾಗಾಗಿ ದಾದಿಯ ಹತ್ತಿರ ಹೋದೆ.

ದಾದಿಗೆ ದಾಸ್ತಾನುಗಳು ಬರುವುದಿಲ್ಲ. ಅವರಿಗೆ ಬರುವುದು ಒಂದೇ ಕತೆ, ಮೊರೇರ ಕತೆ. ನಾನು, ನನ್ನ ಅಕ್ಕ, ಈಗ ನನ್ನ ತಮ್ಮ, ಎಲ್ಲರೂ ಅದೇ ಕತೆ ಕೇಳಿ ಮಲಗಿದವರು. ದಾದಿ ಅದನ್ನು ನಮ್ಮ ದಖನಿಯಲ್ಲಿ ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆಯುತ್ತೇನೆ:

ಹಿರೇಬೆಣಕಲ್ ಗುಡ್ಡದ ಮೇಲೆ ಮೊರೇರು ಅಂತ ಇದ್ದರು. ಗೇಣುದ್ದದ ಜನ. ನೆಲ್ಲಿನ ಒಂದು ತೆನೆ ಸಿಕ್ಕರೆ ಒಂದು ಮನೆಗೆ ಒಂದು ವಾರದ ಊಟ. ಬಲ ಮಾತ್ರ ಆನೆಯದು. ನಾವು ತವೆಯಿಂದ ರೊಟ್ಟಿ ಎತ್ತಿದ ಹಾಗೆ ಅವರು ಬಂಡೆ ಎತ್ತುತ್ತಿದ್ದರು. ಬಂಡೆ ನಿಲ್ಲಿಸಿ, ಮೇಲೊಂದು ಮುಚ್ಚಿ, ಬಾಗಿಲಿಗೆ ದುಂಡನೆಯ ಒಂದು ತೂತು ಬಿಟ್ಟು ಮನೆ ಮಾಡಿಕೊಂಡಿದ್ದರು. ಕೆಳಗಿನ ಊರಲ್ಲಿ ಬಡವರ ಮದುವೆ ಬಂದರೆ ಹುಡುಗಿಯ ತಾಯಿ ಸಂಜೆ ಗುಡ್ಡ ಹತ್ತುತ್ತಿದ್ದಳು. ತೂತಿನ ಮುಂದೆ ಕೂತು, ಎಷ್ಟು ಹಂಡೆ, ಎಷ್ಟು ಬೋಗುಣಿ, ಎಷ್ಟು ಚರಿಗಿ ಬೇಕೆಂದು ಮೆಲ್ಲಗೆ ಹೇಳಿ ಬರುತ್ತಿದ್ದಳು. ಬೆಳಿಗ್ಗೆ ಹೋದರೆ ಬೆಳಗಿಟ್ಟ ಪಾತ್ರೆಗಳು ತೂತಿನ ಮುಂದೆ ಸಾಲಾಗಿ ಇರುತ್ತಿದ್ದವು. ಯಾರ ಮನೆ, ಯಾವ ಜಾತಿ ಎಂದು ಅವರು ಕೇಳುತ್ತಿರಲಿಲ್ಲ. ಮದುವೆ ಮುಗಿದ ಮೇಲೆ ತೊಳೆದು, ಒಂದರಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ಇಟ್ಟು ಬರಬೇಕು. ಹೀಗೆ ಎಷ್ಟೋ ವರ್ಷ ನಡೆಯಿತು. ಒಂದು ಸಲ ಒಂದು ಪಾತ್ರೆ ಕಡಿಮೆ ಬಂತು. ಮೊರೇರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಒಳಗೆ ಹೋದವರು ಸುಮ್ಮನಾದರು. ಅಂದಿನಿಂದ ಯಾರು ಹೋಗಿ ಕರೆದರೂ ತೂತಿನಿಂದ ಗಾಳಿಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಕತೆ ಅಲ್ಲಿಗೆ ಮುಗಿಯುತ್ತದೆ. ನಾನು ಅದನ್ನು ಹಾಗೇ ತಾರಾಗಿರಿಗೆ ತಂದೆ. ಮೊರೇರನ್ನು ‘ಮಿಣುಕರು’ ಮಾಡಿದೆ. ಮೂರನೇ ಗುಡ್ಡವನ್ನು ಅವರಿಗೆ ಕೊಟ್ಟೆ. ಕಾಮರ್ಸ್ ಹುಡುಗಿಗೆ ಅದು ಸಾಲದ ಕತೆಯಂತೆ ಕಂಡಿತು. ಪತ್ರವಿಲ್ಲ, ಬಡ್ಡಿಯಿಲ್ಲ, ಜಾಮೀನಿಲ್ಲ, ನಂಬಿಕೆಯೊಂದೇ ಬಂಡವಾಳ.

ಓದಿದ ಗೆಳತಿ ಕೇಳಿದಳು: “ಎಲ್ಲಾ ಸರಿ, ಆ ಪಾತ್ರೆ ಇಟ್ಕೊಂಡಿದ್ದು ಯಾರು?”

ನಾನು ಮನೆಗೆ ಬಂದು ದಾದಿಯನ್ನು ಕೇಳಿದೆ. ಇಷ್ಟು ವರ್ಷ ಕತೆ ಕೇಳಿದ್ದೇನೆ, ಈ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ದಾದಿ ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತದೆ, “ಕೋನ್ ಕೀ, ಬೇಟಾ” ಎಂದರು. ಯಾರೋ ಏನೋ ಎಂದು ಅರ್ಥ. ಆಮೇಲೆ ಎದ್ದು ಒಳಗೆ ಹೋದರು.

ರಮಜಾನ್ ತಿಂಗಳಿಗೆ ಮುಂಚೆ ನಮ್ಮ ಮನೆಯಲ್ಲಿ ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಬೆಳಗುತ್ತೇವೆ. ಈ ವರ್ಷ ಹುಣಸೆಹಣ್ಣು ಹಚ್ಚಿ ತಿಕ್ಕುವ ಕೆಲಸ ನನ್ನ ಪಾಲಿಗೆ ಬಂತು. ಅವುಗಳಲ್ಲಿ ಒಂದು ತಾಮ್ರದ ಚರಿಗಿ. ಅದು ದಾದಿಯ ಜಹೇಜಿನ ಪಾತ್ರೆ ಎಂದು ಎಲ್ಲರಿಗೂ ಗೊತ್ತು. ಅದನ್ನು ಯಾರೂ ಬಳಸುವುದಿಲ್ಲ. ತಳ ತಿಕ್ಕುವಾಗ ಕಪ್ಪಿನ ಕೆಳಗಿನಿಂದ ಚುಕ್ಕಿಗಳು ಎದ್ದವು. ನಕ್ಷೆ ಇರಬೇಕು ಎಂದುಕೊಂಡೆ. ಇನ್ನೂ ತಿಕ್ಕಿದಾಗ ಅವು ಕನ್ನಡ ಅಕ್ಷರಗಳಾದವು. ಪಾತ್ರೆ ಅಂಗಡಿಯಲ್ಲಿ ಕೊರೆಸುತ್ತಾರಲ್ಲ, ಆ ರೀತಿಯ ಚುಕ್ಕಿ ಅಕ್ಷರ. ಮೊದಲು ಊರಿನ ಹೆಸರಿನ ಎರಡು ಅಕ್ಷರ, ಆಮೇಲೆ ಒಬ್ಬ ಹೆಂಗಸಿನ ಹೆಸರು. ಅದು ನಮ್ಮ ಮನೆಯ ಹೆಸರಲ್ಲ, ನಮ್ಮ ಯಾವ ನೆಂಟರ ಹೆಸರೂ ಅಲ್ಲ.

ನಮ್ಮ ಮನೆಯಲ್ಲಿ ದಾದಿಯ ಕಾಲದವರು ಯಾರೂ ಕನ್ನಡ ಓದಲು ಕಲಿತವರಲ್ಲ. ಅಬ್ಬಾ ಓದಿದ್ದು ಉರ್ದು ಶಾಲೆಯಲ್ಲಿ. ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದವರಲ್ಲಿ ಅಕ್ಕನೇ ಮೊದಲು, ಆಮೇಲೆ ನಾನು. ಐವತ್ತು ವರ್ಷ ಆ ಹೆಸರು ನಮ್ಮ ಅಟ್ಟದಲ್ಲೇ ಇತ್ತು. ಯಾರ ಕಣ್ಣಿಗೂ ಅದು ಹೆಸರಾಗಿ ಕಂಡಿರಲಿಲ್ಲ.

ನಾನು ಆ ಹೆಸರನ್ನು ಗಟ್ಟಿಯಾಗಿ ಓದಿದೆ. ದಾದಿ ಅಲ್ಲೇ ಬಚ್ಚಲ ಕಟ್ಟೆಯ ಮೇಲೆ ಕೂತಿದ್ದರು. ಅವರ ಮುಖ ನೋಡಿದ ಮೇಲೆ, ಓದಬಾರದಿತ್ತು ಎನ್ನಿಸಿತು.

ಆ ರಾತ್ರಿ ದಾದಿ ನನಗೆ ಹೇಳಿದ್ದನ್ನು ಇಲ್ಲಿ ಬರೆಯಲು ಅವರ ಅನುಮತಿ ಕೇಳಿದ್ದೇನೆ. “ಲಿಖ್, ನಾಂವ್ ನಕ್ಕೋ” ಎಂದರು. ಬರೆ, ಹೆಸರು ಬೇಡ. ಆದ್ದರಿಂದ ಹೆಸರು ಬರೆಯುವುದಿಲ್ಲ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಆದ ಮೇಲೆ ಎಡದಂಡೆ ಕಾಲುವೆಯ ನೀರು ಬಂದು ಗಂಗಾವತಿ ಕಡೆಯ ನೆಲ ನೆಲ್ಲಿನ ಗದ್ದೆಯಾಯಿತು. ದಾದಿ ಹುಡುಗಿಯಾಗಿದ್ದಾಗ ಆ ಗದ್ದೆಗಳಲ್ಲಿ ಕೂಲಿಗೆ ನೆಲ್ಲು ಹಚ್ಚಲು ಹೋಗುತ್ತಿದ್ದರು. ಅವರ ಪಕ್ಕದ ಸಾಲಿನಲ್ಲಿ ಬಗ್ಗಿ ಸಸಿ ಹಚ್ಚುತ್ತಿದ್ದವರು ಅವರಿಗಿಂತ ಐದಾರು ವರ್ಷ ದೊಡ್ಡವರಾದ ಒಬ್ಬ ಅಕ್ಕ, ಹಿರೇಬೆಣಕಲ್ಲಿಗೆ ಸೊಸೆಯಾಗಿ ಬಂದವರು. ಬೆನ್ನು ನೋವು ಮರೆಯಲು ಆ ಅಕ್ಕ ಕತೆ ಹೇಳುತ್ತಿದ್ದರು. ದಾದಿ ಕನ್ನಡ ಕಲಿತದ್ದೂ ಮೊರೇರ ಕತೆ ಕೇಳಿದ್ದೂ ಅಲ್ಲೇ, ಮೊಣಕಾಲುದ್ದ ಕೆಸರಿನಲ್ಲಿ.

ದಾದಿಯ ನಿಕಾಹ್‌ಗೆ ಮನೆಯಲ್ಲಿ ಪಾತ್ರೆ ಸಾಲದೆ ಬಂದಾಗ ಆ ಅಕ್ಕ ತಮ್ಮ ಮನೆಯಿಂದ ಕೊಟ್ಟರು. ಎಲ್ಲಾ ವಾಪಸ್ ಹೋಯಿತು. ಗಡಿಬಿಡಿಯಲ್ಲಿ ಒಂದು ಚರಿಗಿ ಮಾತ್ರ ಜಹೇಜಿನ ಸಾಮಾನಿನ ಜೊತೆ ಗಂಗಾವತಿಗೆ ಬಂತು. ಇಲ್ಲಿ ಅತ್ತೆಯ ಮನೆಯಲ್ಲಿ ನೆರೆಹೊರೆಯ ಹೆಂಗಸರ ಮುಂದೆ ಪಾತ್ರೆ ಎಣಿಸಿದರು. ಚರಿಗಿ ಸೇರಿ ಹನ್ನೊಂದು. “ಬಸ್ ಇತ್ತೇಚ್?” ಎಂದು ಯಾರೋ ನಕ್ಕರಂತೆ. ಇಷ್ಟೇನಾ ಎಂದು. ಹನ್ನೊಂದಕ್ಕೇ ನಕ್ಕವರ ಮುಂದೆ, ಇದರಲ್ಲಿ ಒಂದು ನನ್ನದಲ್ಲ ಎಂದು ಹೇಳಲು ಹದಿನೆಂಟು ವರ್ಷದ ಮದುಮಗಳಿಗೆ ಬಾಯಿ ಬರಲಿಲ್ಲ. ನಾಳೆ ಕಳಿಸಿದರಾಯಿತು ಎಂದುಕೊಂಡರು. ಆ ನಾಳೆ ಬರಲಿಲ್ಲ. ಮೊದಲು ನಾಚಿಕೆ, ಆಮೇಲೆ ಹೆದರಿಕೆ, ಆಮೇಲೆ ಇಷ್ಟು ತಡವಾಗಿ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಸಂಕೋಚ. ಹತ್ತು ಕಿಲೋಮೀಟರ್ ದೂರದ ಆ ಊರಿಗೆ ದಾದಿ ಮತ್ತೆ ಹೋಗಲೇ ಇಲ್ಲ.

ಆಸ್ತಿಯ ಕಡೆ ಬರೆದದ್ದು ನಿಜವಾಗಿ ಹೊಣೆಯ ಕಡೆ ಇರಬೇಕಿತ್ತು. ಇಂಥ ತಪ್ಪನ್ನು ನಮಗೆ ತಿದ್ದಲು ಕಲಿಸುತ್ತಾರೆ. ಐವತ್ತು ವರ್ಷದ ಮೇಲೆ ತಿದ್ದುವುದು ಹೇಗೆ ಎಂದು ಪಠ್ಯದಲ್ಲಿಲ್ಲ.

ಈದ್ ಆಗಿ ಎರಡನೇ ಭಾನುವಾರ ಚಾಚಾನ ಆಟೋದಲ್ಲಿ ದಾದಿ, ನಾನು, ನನ್ನ ಗೆಳತಿ ಹೊರಟೆವು. ಚರಿಗಿ ದಾದಿಯ ಮಡಿಲಲ್ಲಿ. ಅದರೊಳಗೆ ಸಕ್ಕರೆ ಹಾಕಿ ಬಟ್ಟೆ ಕಟ್ಟಿದ್ದರು. ಊರು ಹತ್ತಿರ ಬಂದಂತೆ ದಾದಿಗೆ ಧೈರ್ಯ ಸಾಲಲಿಲ್ಲ. “ನೀವು ಮೊದಲು ಗುಡ್ಡ ನೋಡಿ ಬನ್ನಿ, ಬಿಸಿಲು ಏರುತ್ತೆ” ಎಂದು ಒಂದು ಮರದ ನೆರಳಲ್ಲಿ ಕೂತುಬಿಟ್ಟರು. ಚಾಚಾ ಅವರ ಜೊತೆ ಉಳಿದರು. ಊರಿನ ಒಬ್ಬ ಅಜ್ಜ ದಾರಿ ತೋರಿಸಲು ನಮ್ಮ ಜೊತೆ ಬಂದರು.

ಮೊರೇರ ಗುಡ್ಡವನ್ನು ನಾನು ನೋಡಿದ್ದು ಅದೇ ಮೊದಲು. ಬಂಡೆಗಳ ಮೇಲೆ ಹತ್ತಿ, ಮುಳ್ಳುಕಂಟಿ ದಾಟಿ, ಮೇಲೆ ಹೋದರೆ ಒಂದು ಊರೇ ನಿಂತಿದೆ. ಸುಮಾರು 400 ಕಲ್ಲಿನ ರಚನೆಗಳು ಅಲ್ಲಿವೆ. ಕೆಲವು ನನ್ನ ಮೊಣಕಾಲಿಗೆ ಬರುತ್ತವೆ, ಕೆಲವು ನಮ್ಮ ಅಬ್ಬಾನಿಗಿಂತ ಎತ್ತರ. ನಿಲ್ಲಿಸಿದ ಚಪ್ಪಡಿ, ಮೇಲೆ ಮುಚ್ಚಿದ ಚಪ್ಪಡಿ, ಮುಂದಿನ ಚಪ್ಪಡಿಯಲ್ಲಿ ದುಂಡನೆಯ ತೂತು. ದಾದಿ ಹೇಳಿದ್ದಂತೆಯೇ ಇತ್ತು. ಒಂದು ದೊಡ್ಡ ಬಂಡೆಯ ನೆತ್ತಿಯ ಮೇಲೆ ನಗಾರಿಯಂಥ ಕಲ್ಲು ಇದೆ. ಅದನ್ನು ಕಲ್ಲಿನಿಂದ ಹೊಡೆದರೆ ಸದ್ದು ದೂರದವರೆಗೆ ಕೇಳುತ್ತದಂತೆ. ನಾವು ಹೊಡೆಯಲಿಲ್ಲ, ಕೆಳಗೆ ನಿಂತು ನೋಡಿದೆವು. ಪಕ್ಕದ ಬಂಡೆಗಳ ಆಸರೆಯಲ್ಲಿ ಕೆಂಪು ಬಣ್ಣದ ಹಳೆಯ ಚಿತ್ರಗಳಿವೆ.

ಇವು ಮನೆಗಳಲ್ಲ, ಸತ್ತವರ ನೆನಪಿಗೆ ಕಟ್ಟಿದ ಗೋರಿಗಳು ಎಂದು ಪುರಾತತ್ವದವರು ಹೇಳುತ್ತಾರೆ. ಕಬ್ಬಿಣ ಬಳಸಲು ಕಲಿತಿದ್ದ ಬೃಹತ್ ಶಿಲಾಯುಗದ ಜನ ಎರಡು ಸಾವಿರ ವರ್ಷಕ್ಕೂ ಹಿಂದೆ ಇವನ್ನು ಕಟ್ಟಿದರು. 2021ರಲ್ಲಿ ಈ ತಾಣ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಮೊರೇರು ಎಂದರೆ ಮೌರ್ಯರು ಎನ್ನುವವರೂ ಇದ್ದಾರೆ. ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡುವಿನಲ್ಲಿ ಅಶೋಕನ ಶಾಸನಗಳು ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಕತೆಯ ಮೊರೇರಿಗೆ ಚಕ್ರವರ್ತಿಯ ಸುಳಿವೂ ಇಲ್ಲ. ಅವರು ಗೇಣುದ್ದದವರು. ಆ ತೂತನ್ನು ನೋಡಿದ ಯಾರಿಗಾದರೂ ಇದರಲ್ಲಿ ಹೋಗಿ ಬರಲು ಎಷ್ಟು ಚಿಕ್ಕವರಿರಬೇಕು ಎಂದು ಅನ್ನಿಸಿಯೇ ಅನ್ನಿಸುತ್ತದೆ. ಕತೆ ಹುಟ್ಟಿದ್ದು ಆ ತೂತಿನಿಂದಲೇ ಇರಬೇಕು.

ಕೆಳಗಿಳಿದು ಆ ಮನೆ ಹುಡುಕಿದೆವು. ಹೆಸರು ಹೇಳಿದ ತಕ್ಷಣ ಊರವರು ತೋರಿಸಿದರು. ಅಕ್ಕ ಈಗ ಮುದುಕಿ, ಕಣ್ಣು ಮಂಜು. ಕಟ್ಟೆಯ ಮೇಲೆ ಕೂತಿದ್ದರು. ದಾದಿ ಹತ್ತಿರ ಹೋಗಿ, ತಾವು ಯಾರೆಂದು ಹೇಳದೆ, ಚರಿಗಿಯನ್ನು ಅವರ ಕೈಯಲ್ಲಿಟ್ಟರು. ಅವರು ಅದನ್ನು ತಡವಿದರು. ತಳಕ್ಕೆ ಬೆರಳು ಹೋಯಿತು. ಚುಕ್ಕಿಗಳ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ದಾದಿಯ ಮುಂಗೈ ಹಿಡಿದು, “ಒಂದ್ ಚರಿಗಿ ಸಲುವಾಗಿ ಐವತ್ ವರ್ಷ ಬರಲಿಲ್ಲೇನವಾ ನೀ?” ಎಂದರು.

ದಾದಿ ಅತ್ತರು. ಅವರು ಅಳುವುದನ್ನು ನಾನು ದಾದಾ ಹೋದ ದಿನ ಬಿಟ್ಟರೆ ನೋಡಿರಲಿಲ್ಲ.

ಚಹಾ ಬಂತು. ಮಾತು ಎಲ್ಲೆಲ್ಲೋ ಹೋಯಿತು. ಯಾರು ಇದ್ದಾರೆ, ಯಾರು ಹೋದರು, ಯಾರ ಮಕ್ಕಳು ಬೆಂಗಳೂರಲ್ಲಿ ಇದ್ದಾರೆ. ನಡುವೆ ನಾನು, “ಅಮ್ಮಾ, ಮೊರೇರ ಕತೆ ನೀವೇ ಹೇಳಿದ್ದಂತೆ. ಪಾತ್ರೆ ಕೊಡೋ ಕತೆ” ಎಂದೆ.

“ಪಾತ್ರಿ?” ಎಂದರು ಅವರು. “ಮೊರೇರು ಪಾತ್ರಿ ಎಲ್ಲಿ ಕೊಟ್ರವಾ? ನಾ ಹೇಳಿದ್ದು ಬೆಂಕಿ ಮಳಿ ಕತಿ.”

ಅವರ ಕತೆಯಲ್ಲಿ ಆಕಾಶದಿಂದ ಬೆಂಕಿಯ ಮಳೆ ಬರುತ್ತದೆ. ಗೇಣುದ್ದದ ಜನ ಮಕ್ಕಳನ್ನು ಎತ್ತಿಕೊಂಡು ಕಲ್ಲಿನ ಮನೆಯೊಳಗೆ ಹೋಗಿ ಕೂಡುತ್ತಾರೆ. ಕಲ್ಲು ಕಾದು ಎಲ್ಲರೂ ಒಳಗೇ ಸಾಯುತ್ತಾರೆ. ಅಷ್ಟೇ. ಪಾತ್ರೆಯ ಮಾತೇ ಇಲ್ಲ. ಮನೆಯೇ ಗೋರಿಯಾದ ಕತೆ ಅದು. ಪುರಾತತ್ವದವರು ಹೇಳುವುದನ್ನು ಅದು ತನ್ನ ದಾರಿಯಲ್ಲಿ ಮೊದಲೇ ಹೇಳಿತ್ತು.

ನಾನು ದಾದಿಯ ಕಡೆ ನೋಡಿದೆ. ಅವರು ಚಹಾದ ಕಪ್ಪು ನೋಡುತ್ತಿದ್ದರು.

ಕೆರೆಯೋ ಬಾವಿಯೋ ಮದುವೆಗೆ ಪಾತ್ರೆ ಕೊಡುತ್ತಿದ್ದ ಕತೆ ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿದೆ, ಯಾರೋ ಒಬ್ಬರು ಹಿಂದಿರುಗಿಸದೆ ಹೋಗಿ ಅದು ನಿಂತುಹೋದ ಕತೆ. ದಾದಿ ಅದನ್ನು ಎಲ್ಲೋ ಕೇಳಿರಬೇಕು. ಗಂಗಾವತಿಯ ಅತ್ತೆಮನೆಯಲ್ಲಿ, ಅಟ್ಟದ ಮೇಲೆ ಆ ಚರಿಗಿ ಇಟ್ಟುಕೊಂಡು, ಮಗುವನ್ನು ಮಲಗಿಸುತ್ತಾ, ಯಾವುದೋ ಒಂದು ರಾತ್ರಿ ಅವರು ಎರಡನ್ನೂ ಕೂಡಿಸಿದರು. ಬೇಕೆಂದು ಕೂಡಿಸಿದರೋ, ತಾನಾಗಿ ಕೂಡಿತೋ, ಕೇಳಲು ನನಗೆ ಮನಸ್ಸಾಗಲಿಲ್ಲ. ಅಬ್ಬಾನಿಗೆ ಆ ಕತೆ ಹೇಳಿದರು, ಚಾಚಾನಿಗೆ ಹೇಳಿದರು, ನಮಗೆ ಹೇಳಿದರು. ಯಾರಿಗೂ ಹೇಳಲಾಗದ್ದನ್ನು ಐವತ್ತು ವರ್ಷ ದಿನಾ ರಾತ್ರಿ ಹೇಳಿದರು.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕತೆ ನಮ್ಮ ಉಪನ್ಯಾಸಕರು ಆಮೇಲೆ ಹೇಳಿದರು. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ. ಅವಳು ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಗಟ್ಟಿದ ಅವು ಅವಳು ಮಲಗಿದ್ದಾಗ ಹೊರಬಂದು, ಒಂದು ಜೋಡಿನ ರೂಪದಲ್ಲಿ ಬಾಗಿಲ ಬಳಿ ಕೂರುತ್ತದೆ, ಇನ್ನೊಂದು ಕೋಟಾಗಿ ಗೂಟಕ್ಕೆ ನೇತಾಡುತ್ತದೆ. ಗಂಡ ಬಂದು ಯಾರವು ಎಂದು ಜಗಳ ತೆಗೆಯುತ್ತಾನೆ. ದಾದಿಯ ಕತೆ ಚರಿಗಿಯ ರೂಪದಲ್ಲಿ ಅಟ್ಟದಲ್ಲಿ ಕೂತಿತ್ತು ಎಂದು ನನಗೆ ಅನ್ನಿಸಿತು.

ತಾರಾಗಿರಿಯಲ್ಲಿ ನಾನು ಮಾಡಿದ್ದ ತಪ್ಪು ಈಗ ತಿಳಿಯಿತು. ಮಿಣುಕರ ಕತೆಯನ್ನು ಇಡೀ ದೇಶ ಒಂದೇ ರೀತಿ ಹೇಳುತ್ತದೆ ಎಂದು ಬರೆದಿದ್ದೆ, ಸರ್ಕಾರಿ ಆದೇಶದ ಹಾಗೆ. ಈಗ ಮೂರನೇ ಗುಡ್ಡದ ಕೆಳಗಿನ ಎರಡು ಮನೆಗಳಲ್ಲಿ ಅದು ಎರಡು ರೀತಿ ಇದೆ. ಒಂದು ಮನೆಯಲ್ಲಿ ಬೆಂಕಿ ಮಳೆ, ಇನ್ನೊಂದು ಮನೆಯಲ್ಲಿ ಪಾತ್ರೆ. ಯಾಕೆ ಹಾಗೆ ಎಂದು ಆ ದೇಶದ ಪಂಡಿತರಿಗೆ ಗೊತ್ತಿಲ್ಲ. ಎರಡನೇ ಮನೆಯ ಅಟ್ಟದಲ್ಲಿ ಏನಿದೆ ಎಂದು ನಾನು ಮಾತ್ರ ಬಲ್ಲೆ. ಕಥೆಗೆ ಮೊದಲಿಗಿಂತ ಉಸಿರು ಬಂದಿದೆ ಎಂದು ಗೆಳತಿ ಹೇಳುತ್ತಾಳೆ. ಉಪನ್ಯಾಸಕರು ಇನ್ನೂ ಓದಿಲ್ಲ.

ಹೊರಡುವಾಗ ಆ ಅಮ್ಮ ಸಕ್ಕರೆಯನ್ನು ಒಂದು ತಾಟಿಗೆ ಸುರುವಿಕೊಂಡರು. ಚರಿಗಿಯನ್ನು ಒಳಗೆ ಇಡಿಸಿದರು. ಸೊಸೆಯನ್ನು ಕರೆದು ಒಂದು ಸ್ಟೀಲ್ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ಹಾಕಿಸಿ ದಾದಿಯ ಕೈಗೆ ಕೊಟ್ಟರು. “ಡಬ್ಬಿ ನಂದು. ತಂದ್ ಕೊಡಬೇಕ್ ಮತ್ತ” ಎಂದರು.

ಹೋಳಿಗೆ ಎರಡೇ ದಿನದಲ್ಲಿ ಮುಗಿದವು. ಡಬ್ಬಿ ತೊಳೆದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇವೆ, ಅಟ್ಟದಲ್ಲಿ ಅಲ್ಲ. ಖಾಲಿ ಡಬ್ಬಿ ಕೊಡಬಾರದು, ಏನು ಹಾಕಿ ಕೊಡುವುದು ಎಂದು ದಾದಿ ಮತ್ತು ಅಮ್ಮಿ ದಿನಾ ಚರ್ಚೆ ಮಾಡುತ್ತಾರೆ.

ನಿನ್ನೆ ರಾತ್ರಿ ತಮ್ಮನಿಗೆ ದಾದಿ ಮೊರೇರ ಕತೆ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಓದುವ ನೆಪದಲ್ಲಿ ಕೇಳುತ್ತಿದ್ದೆ. ಏನಾದರೂ ಬದಲಾಗಿದೆಯೇ ಎಂದು ನೋಡಬೇಕಿತ್ತು. ಒಂದು ಮಾತೂ ಬದಲಾಗಿರಲಿಲ್ಲ. ಅದೇ ಗೇಣುದ್ದದ ಜನ, ಅದೇ ಹಂಡೆ, ಬೋಗುಣಿ, ಒಂದು ಹಿಡಿ ಸಕ್ಕರೆ, ಅದೇ ಕಡಿಮೆ ಬಂದ ಪಾತ್ರೆ.

“ಕೋನ್ ಲಿಯಾ ದಾದಿ?” ಎಂದು ತಮ್ಮ ಕೇಳಿದ. ಯಾರು ತಗೊಂಡಿದ್ದು?

ದಾದಿ ನನ್ನ ಕಡೆ ನೋಡಿ, “ಕೋನ್ ಕೀ, ಬೇಟಾ” ಎಂದು ನಕ್ಕರು.